ಫರಂಗಿಯಜ್ಜನ ಕಲ್ಲು

ಕುಸ್ಕೊ ಎಂಬ ಊರಿನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಪೆರು ದೇಶದಲ್ಲಿ, ಆಂಡಿಸ್ ಪರ್ವತದ ಎತ್ತರದಲ್ಲಿರುವ ಆ ಊರು ನನಗೇನೂ ಕೆಟ್ಟದ್ದು ಮಾಡಿಲ್ಲ. ಅಲ್ಲಿಗೆ ಪ್ರವಾಸ ಹೋಗಿ ಬಂದ ಒಬ್ಬ ಮನುಷ್ಯ ಮಾಡಿದ.

ಆತ ನಿವೃತ್ತ ಎಂಜಿನಿಯರ್. ಕಾರವಾರದಲ್ಲಿ ಮನೆ ಕಟ್ಟಿಸಿಕೊಂಡ ಮೇಲೆ ಇತಿಹಾಸದ ಹುಚ್ಚು ಹತ್ತಿತ್ತು. ಒಂದು ಸಂಜೆ ಊರವರನ್ನೆಲ್ಲ ಕರೆದು ಪರದೆಯ ಮೇಲೆ ಕುಸ್ಕೊದ ಫೋಟೊ ತೋರಿಸಿದ. ಗಂಡನ ಊರು ಶೆಟಗೇರಿಯಿಂದ ತವರಿಗೆ ಬಂದಿದ್ದ ನಾನೂ ಅಣ್ಣನ ಒತ್ತಾಯಕ್ಕೆ ಹೋಗಿ ಕೂತೆ. ಕೆಂಪು ಹೆಂಚಿನ ಮನೆಗಳು, ನಡುವೆ ದೊಡ್ಡ ಚೌಕ, ಚೌಕದ ಅಂಚಿಗೆ ಕ್ರೈಸ್ತರ ಇಗರ್ಜಿ. ಇನ್ನೊಂದು ಇಗರ್ಜಿಯಲ್ಲಿ ಮೇಲಿನ ಗೋಡೆ ಸ್ಪೇನಿನವರದ್ದು, ಕೆಳಗಿನದು ಮೊದಲಿದ್ದ ಇಂಕಾ ಜನರ ದೇವಸ್ಥಾನದ್ದು. ಗಾರೆಯಿಲ್ಲದೆ ಕೂಡಿಸಿದ ಆ ಕಲ್ಲುಗಳ ನಡುವೆ ಬ್ಲೇಡೂ ತೂರುವುದಿಲ್ಲವಂತೆ. ಭೂಕಂಪವಾದಾಗ ಮೇಲಿನದು ಬಿತ್ತು, ಕೆಳಗಿನದು ನಿಂತಿತು. ಬೆಟ್ಟದ ಮೇಲಿದ್ದ ಇಂಕಾಗಳ ಕೋಟೆ ಕಿತ್ತು, ಆ ಕಲ್ಲು ಹೊರಿಸಿ ತಂದು ಚೌಕದ ಇಗರ್ಜಿ ಕಟ್ಟಿದರು ಎಂದು ಹೇಳುವಾಗ ಆತನ ದನಿಯಲ್ಲಿ ಏನು ಸಂಭ್ರಮ. ತಾನೇ ಗುತ್ತಿಗೆ ಹಿಡಿದು ಸಾಗಿಸಿದ ಹಾಗೆ.

"ಕಾರವಾರವೂ ಬಿಳಿಯರು ಕಟ್ಟಿಸಿದ ಊರೇ. ನಮಗೆ ಅದರ ಬೆಲೆ ಗೊತ್ತಿಲ್ಲ," ಎಂದ ಕೊನೆಗೆ.

ಬೆಲೆ ಗೊತ್ತಿಲ್ಲವಂತೆ. ಗುಡ್ಡದ ಮೇಲಿನ ಬಿಳಿಯರ ಬಂಗಲೆಗಳಿಗೆ ಮೀನಿನ ಬುಟ್ಟಿ ಹೊತ್ತು ಹತ್ತಿ ಕಾಲು ಸವೆಸಿದವರು ನಮ್ಮ ಮನೆಯ ಹೆಂಗಸರು. ಅವುಗಳ ಹಿಂಬಾಗಿಲು ಯಾವ ಕಡೆ ಎಂದು ಅವರಿಗೆ ಗೊತ್ತಿತ್ತು, ಮುಂಬಾಗಿಲನ್ನು ಮಾತ್ರ ನೋಡಿರಲಿಲ್ಲ. ಅಣ್ಣ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದ. ನನಗೆ ಅವನ ಕೈ ಹಿಡಿದು ನಿಲ್ಲಿಸಬೇಕೆನಿಸಿತು.

ನಮ್ಮ ಮನೆ ಇರುವುದು ಕಡಲ ದಂಡೆಯ ಮೀನುಗಾರರ ಕೇರಿಯಲ್ಲಿ. ಹಿತ್ತಲ ತುದಿಗೆ, ಅರ್ಧ ಮರಳಲ್ಲಿ ಹೂತ, ಕೆತ್ತಿದ ಕಲ್ಲೊಂದಿತ್ತು. ಒಡೆದ ಹಡಗಿನಿಂದ ದಂಡೆಗೆ ಬಂದು ಬಿದ್ದ ಪರದೇಶಿ ನಾವಿಕನೊಬ್ಬನ ಹೆಣವನ್ನು ನಮ್ಮ ಹಿರಿಯರು ಅಲ್ಲಿ ಮಣ್ಣು ಮಾಡಿದ್ದರಂತೆ. ನಾವು ಅವನನ್ನು ಫರಂಗಿಯಜ್ಜ ಎನ್ನುತ್ತೇವೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಕಡಲಿಗೆ ಹೊರಡುವ ಬೆಳಿಗ್ಗೆ ನಮ್ಮಮ್ಮ, ಆಯಿ, ಆ ಕಲ್ಲಿನ ಮೇಲೆ ಒಂದು ಸಿಗರೇಟು ಹಚ್ಚಿಡುತ್ತಾಳೆ. ಹಚ್ಚಲು ತಾನೇ ಒಂದು ದಮ್ಮು ಎಳೆಯಬೇಕು, ಪ್ರತಿ ವರ್ಷವೂ ಕೆಮ್ಮುತ್ತಾಳೆ. ಪಕ್ಕದಲ್ಲಿ ಒಂದು ಗುಟುಕು ಫೆನಿ ಸಾರಾಯಿ ಸುರಿದು, "ನೀ ಅಂತೂ ಮನೆಗೆ ಹೋಗ್ಲಿಲ್ಲ. ನಮ್ಮವ್ರನ್ನಾದ್ರೂ ಕಳ್ಸು," ಎನ್ನುತ್ತಾಳೆ. ಅಷ್ಟೇ ಪೂಜೆ. ಅಪ್ಪ ಜೀವನಪೂರ್ತಿ ಕಡಲಿಗೆ ಹೋಗಿ ಕೊನೆಗೆ ಹಾಸಿಗೆಯ ಮೇಲೆ ಸತ್ತ. ಅದು ಫರಂಗಿಯಜ್ಜನ ದಯೆ ಎಂದೇ ಆಯಿಯ ನಂಬಿಕೆ.

ಎಂಜಿನಿಯರು ಆ ಕಲ್ಲು ನೋಡಲು ಬಂದ. ಇದು ಯುರೋಪಿನವರ ಗೋರಿಯೇ ಸೈ, ಹೀಗೆ ಹಿತ್ತಲಲ್ಲಿ ಹಾಳಾಗಬಾರದು, ಕಡಲ ಬದಿಯ ಉದ್ಯಾನದಲ್ಲಿ ಕಟಕಟೆ ಹಾಕಿಸಿ ಇಡೋಣ ಎಂದ. ಅಣ್ಣ ಒಪ್ಪಿಬಿಟ್ಟ. ಸುದ್ದಿ ತಿಳಿದು ನಾನು ಶೆಟಗೇರಿಯಿಂದ ಓಡಿ ಬಂದೆ.

"ಆಯಿ ಹತ್ರ ಕೇಳಿದ್ಯಾ?"

"ಕೇಳೂದೆಂತಕ್ಕೆ? ಕಲ್ಲು ಎಲ್ಲೂ ಓಡಿ ಹೋಗೂದಿಲ್ಲ. ಬೋರ್ಡಿನ ಮೇಲೆ ನಮ್ಮನೆ ಹೆಸ್ರು ಬರ್ತದೆ."

"ಬೋರ್ಡು ನಿನ್ನ ಬೋಟು ಕಾಯ್ತದ್ಯಾ?"

"ನೀ ಮದ್ವೆಯಾಗಿ ಹೋದವ್ಳು. ಇದ್ರಲ್ಲಿ ಬಾಯಿ ಹಾಕೂಕೆ ಬರ್ಬೇಡ," ಎಂದ ಅಣ್ಣ. ಆ ಮಾತನ್ನು ನಾನು ಇನ್ನೂ ನುಂಗಿಕೊಂಡಿಲ್ಲ.

ಜೆಸಿಬಿ ಬಂತು. ಕಲ್ಲನ್ನು ಎತ್ತಿ ರಸ್ತೆಯ ಬದಿಗಿಟ್ಟು, ಕೆಳಗೆ ಆಳದವರೆಗೆ ಅಗೆದರು. ಎಲುಬಿಲ್ಲ, ಹಲ್ಲಿಲ್ಲ, ಬರೀ ಮರಳು. ಎಂಜಿನಿಯರು ಕಲ್ಲನ್ನು ಹೊರಳಿಸಿ ನೋಡಿದ. ಹೂತಿದ್ದ ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಿಜಾಗರಿ ಕಚ್ಚಿಕೊಂಡಿತ್ತು. ಆತ ಜೋರಾಗಿ ನಕ್ಕುಬಿಟ್ಟ. "ಅಮ್ಮಾ, ಇಷ್ಟು ವರ್ಷ ಯಾವುದೋ ಬಂಗಲೆಯ ಗೇಟಿನ ಕಂಬಕ್ಕೆ ಸಿಗರೇಟು ಸೇದಿಸಿದ್ದೀರಿ," ಎಂದ ಆಯಿಗೆ. ಆಮೇಲೆ ಕೈ ಒರೆಸಿಕೊಂಡು ಕಾರು ಹತ್ತಿದ. ಹಿಂದೆಯೇ ಜೆಸಿಬಿಯೂ ಹೋಯಿತು. ಕಲ್ಲು ಚರಂಡಿಯ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಗೋರಿಯಾಗಿದ್ದರೆ ಇತಿಹಾಸ, ನಮ್ಮ ನಂಬಿಕೆಯಷ್ಟೇ ಆದರೆ ಕಸ.

ಅಂದಿನಿಂದ ಆಯಿ ಅಣ್ಣನ ಜೊತೆ ಮಾತು ಬಿಟ್ಟಳು. ಅನ್ನ ಬಡಿಸುತ್ತಿದ್ದಳು, ಬಟ್ಟೆ ಒಣಗಿಸುತ್ತಿದ್ದಳು, ಮಾತಿಲ್ಲ. ನಿಷೇಧ ಮುಗಿಯುವ ಹೊತ್ತಿಗೆ ನಾನು ಮತ್ತೆ ತವರಿಗೆ ಬಂದೆ. ಬಂದರಿನಿಂದ ಎಲ್ಲರ ಬೋಟುಗಳೂ ಹೊರಟವು. ನಮ್ಮದು ಹಗ್ಗ ಕಟ್ಟಿಸಿಕೊಂಡು ನಿಂತಿತ್ತು, ಏಕೆಂದರೆ ಅದರ ಚಾವಿ ಆಯಿಯ ಸೆರಗಿನ ಗಂಟಿನಲ್ಲಿತ್ತು. ಇವತ್ತು ಹೊರಡದಿದ್ದರೆ ಬೇರೆ ಬೋಟು ಹತ್ತುತ್ತೇವೆ ಎಂದು ಬೋಟಿನ ಖಲಾಸಿಗಳು ಅಂಗಳಕ್ಕೇ ಬಂದು ಹೇಳಿದರು.

"ಅಜ್ಜ ಚರಂಡಿಯಲ್ಲಿ ಬಿದ್ಕಂಡಿರೂವಾಗ ಬೋಟು ಹೋಗೂದಿಲ್ಲ ಅಂತ ಅವ್ನಿಗೆ ಹೇಳು," ಎಂದಳು ಆಯಿ ನನಗೆ. ಅಣ್ಣ ಅಲ್ಲೇ ಕಂಬಕ್ಕೊರಗಿ ನಿಂತಿದ್ದ.

ಎಂಜಿನಿಯರು ಅಣ್ಣನ ಫೋನು ಎತ್ತುತ್ತಿರಲಿಲ್ಲ. ಕಲ್ಲನ್ನು ಮತ್ತೆ ನಿಲ್ಲಿಸಿಕೊಡಿ ಎಂದು ಕೇಳಲು ನಾನೇ ಅವನ ಮನೆಗೆ ಹೋದೆ. ಗೋಡೆಯ ಮೇಲೆ ಕುಸ್ಕೊದ ಇಗರ್ಜಿಯ ಫೋಟೊ ಇತ್ತು, ಚೌಕಟ್ಟು ಹಾಕಿಸಿದ್ದ.

"ಒಂದು ಗೇಟಿನ ಕಂಬಕ್ಕೆ ಮತ್ತೆ ಜೆಸಿಬಿ ತರಿಸೋದಾ? ನೋಡಿ, ನೀವು ಓದಿದವರು," ಎಂದ.

"ಅಲ್ಲಿ ಕೋಟೆ ಕಿತ್ತವರು ಒಂದು ಇಗರ್ಜಿಯನ್ನಾದ್ರೂ ಕಟ್ಟಿದ್ರು. ನೀವು ಕಿತ್ತು ಚರಂಡಿಗೆ ಹಾಕಿದ್ರಿ," ಎಂದೆ.

"ಅದೂ ಇದೂ ಒಂದೇನಾ?"

"ಒಂದಲ್ಲ. ಯಾರ ದೇವ್ರನ್ನ ಕೀಳ್ತಿದ್ದೇವೆ ಅಂತ ಅವ್ರಿಗೆ ಗೊತ್ತಿತ್ತು."

ಅವನ ಹೆಂಡತಿ ಚಹಾ ತಂದಿಟ್ಟರು. ಪಾಪ, ಅವರ ತಪ್ಪೇನೂ ಇರಲಿಲ್ಲ. ಆದರೂ ಮುಟ್ಟದೆ ಎದ್ದು ಬಂದೆ.

ವಾಪಸ್ ಬರುವಾಗ ಅಣ್ಣ ಮತ್ತು ಖಲಾಸಿಗಳು ಬೋಟಿನ ಹಗ್ಗ ಬಿಗಿದು ಕಲ್ಲನ್ನು ಎಳೆಯುತ್ತಿದ್ದರು. ಜಿಟಿಜಿಟಿ ಮಳೆ. ಅಗೆದ ಗುಂಡಿಯಲ್ಲಿ ನೀರು ನಿಂತಿತ್ತು, ಬಾಲ್ದಿಯಿಂದ ಎತ್ತಿ ಚೆಲ್ಲಿದರು. ಅಣ್ಣನ ಅಂಗೈ ಸುಲಿದಿತ್ತು. ನಾನು ಅಯ್ಯೋ ಎನ್ನಲಿಲ್ಲ. ಕಲ್ಲು ನೇರ ನಿಂತ ಮೇಲೆ ಆಯಿ ಬಂದು ಕೊಡೆಯ ಅಡಿ ಸಿಗರೇಟು ಹಚ್ಚಿದಳು, ಕೆಮ್ಮಿದಳು, ಫೆನಿ ಸುರಿದಳು. ನೀ ಅಂತೂ ಮನೆಗೆ ಹೋಗ್ಲಿಲ್ಲ ಎಂಬ ಮಾತು ಬರುತ್ತದೆಂದು ನಾನು ಕಾದೆ, ಬರಲಿಲ್ಲ. ಈಗ ಅಲ್ಲಿ ಯಾರೂ ಇಲ್ಲವೆಂದು ಅವಳಿಗೂ ಗೊತ್ತಿತ್ತಲ್ಲ. ಅವಳು ಸೆರಗಿನ ಗಂಟು ಬಿಚ್ಚಿ ಚಾವಿ ತೆಗೆದು, ಅಷ್ಟು ದಿನದ ಮೇಲೆ ಅಣ್ಣನ ಮುಖ ನೋಡಿದಳು.

"ಗೇಟು ಅಂದ್ರಲ್ಲ, ಗೇಟೇ ಇರ್ಲಿ," ಎಂದಳು. "ಹೊರಗೆ ಹೋದವ ಇದ್ರಲ್ಲೇ ಒಳಗೆ ಬರ್ಬೇಕು. ತಿಳೀತಾ?"

ಅಣ್ಣ ತಲೆಯಾಡಿಸಿ ಚಾವಿ ತೆಗೆದುಕೊಂಡು ಬಂದರಿನ ಕಡೆ ನಡೆದ. ನಾನು ಅವನ ಜೊತೆ ಇನ್ನೂ ಮಾತಾಡುವುದಿಲ್ಲ. ಆ ಸಲ ಅವನು ಕಡಲಿನಿಂದ ವಾಪಸ್ ಬಂದು ಹಿತ್ತಲು ದಾಟುವವರೆಗೆ ನಾನು ಶೆಟಗೇರಿಯ ಬಸ್ಸು ಹತ್ತಲಿಲ್ಲ, ಅದು ಬೇರೆ ಮಾತು.