ವಿಮಾನದ ಮುಂದಿನ ಸೀಟಿಗೇ ಹಟ ಹಿಡಿದ ಚಿತ್ರಲಿಂಗಪ್ಪ

ನಮ್ಮ ಹೊಸದುರ್ಗದಲ್ಲಿ ಯಾರಿಗಾದರೂ ಸರ್ಕಾರಿ ನೌಕರಿ ಸಿಕ್ಕರೆ ಜನ ಮನೆಗೇ ಬಂದು ಕೈ ಕುಲುಕುತ್ತಾರೆ. ಸಿಕ್ಕಿದ್ದನ್ನು ಒಲ್ಲೆ ಎಂದರೆ ಮನೆಗೇ ಬಂದು ಬೈಯುತ್ತಾರೆ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಚಿತ್ರಲಿಂಗಪ್ಪನನ್ನು ಬೈಯಲು ಅಷ್ಟು ದೂರ ಹೋಗುವ ಕಷ್ಟ ಯಾರಿಗೂ ಬರಲಿಲ್ಲ. ಅವನು ನಮ್ಮ ಹೋಟೆಲಿನಲ್ಲೇ ಚಹಾ ಕುಡಿಯುತ್ತಾ ಕೂತಿದ್ದ.

ಬಸ್ ಸ್ಟ್ಯಾಂಡಿನ ಎದುರಿನ ಆ ಹೋಟೆಲು ನಮ್ಮಪ್ಪನದು. ಗಲ್ಲಾದಲ್ಲಿ ಕೂರುತ್ತಿದ್ದ ನಾನು ನಾಗರಾಜಪ್ಪ, ಹೈಸ್ಕೂಲಿನಿಂದ ಅವನ ಜೊತೆಗಾರ. ಅವನು ಮಾಡದಕೆರೆ ಕಡೆಯ ಗೊಲ್ಲರಹಟ್ಟಿಯವನು. ಕುರಿ ಕಾಯುತ್ತಿದ್ದು ತಡವಾಗಿ ಶಾಲೆಗೆ ಸೇರಿದ್ದರಿಂದ ತರಗತಿಯಲ್ಲಿ ನಮಗೆಲ್ಲರಿಗಿಂತ ದೊಡ್ಡವನು, ಮೊಂಡುತನದಲ್ಲೂ ದೊಡ್ಡವನು. ಕುರಿ ಕಾಯುವ ದಿನಗಳಲ್ಲಿ ಒಮ್ಮೆ ಮಾರಿಕಣಿವೆ ಅಣೆಕಟ್ಟಿನ ನೀರಿನ ಮೇಲೆ ವಾಯುಸೇನೆಯ ವಿಮಾನವೊಂದು ತೀರಾ ತಗ್ಗಿನಲ್ಲಿ ಹಾದು, ಕುರಿಗಳೆಲ್ಲ ದಿಕ್ಕಾಪಾಲಾದವಂತೆ. ಬೇರೆ ಹುಡುಗರಾಗಿದ್ದರೆ ಹೆದರುತ್ತಿದ್ದರು. ಇವನಿಗೆ ಸಿಟ್ಟು ಬಂತು. "ಅವನು ಮ್ಯಾಲಿಂದ ನನ್ ಕುರಿ ನೋಡ್ಬೋದು, ನಾನು ಅವನು ಕುಂತಿರಾ ಜಾಗ ನೋಡಂಗಿಲ್ವಾ?" ಎಂದು ನನ್ನ ಮೇಲೇ ರೇಗಿದ್ದ, ವಿಮಾನ ಬಿಟ್ಟವನು ನಾನೇ ಎಂಬಂತೆ. ಪೈಲಟ್ ಆಗುವ ಮಾತು ಹುಟ್ಟಿದ್ದು ಆ ಸಿಟ್ಟಿನಿಂದ.

ಅವನ ಸೋದರಮಾವ ಪಾಲಯ್ಯ ಮಾರಿಕಣಿವೆಯಲ್ಲಿ ತೂಬು ಎತ್ತಿ ಇಳಿಸುವ ನೌಕರ. ಆ ಹಟ್ಟಿಯಲ್ಲಿ ಮೊದಲು ಸರ್ಕಾರಿ ಸಂಬಳ ಕಂಡವರು, ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ. ವಾಯುಸೇನೆಯವರು ಚಿತ್ರದುರ್ಗಕ್ಕೆ ಆಳು ಆರಿಸಲು ಬಂದಾಗ ಅಳಿಯನನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದವರು ಅವರೇ. ಏರ್‌ಮನ್ ಅಂತ ಆರಿಸಿದರು. ನೆಲದ ಮೇಲೆ ನಿಂತು ವಿಮಾನ ಸರಿ ಮಾಡುವ ಕೆಲಸ. ಬೆಳಗಾವಿಗೆ ತರಬೇತಿಗೆ ಹೋಗಬೇಕು. ಹುಡುಗ ಹೋಗುವುದಿಲ್ಲ ಎಂದ.

"ನಿಂಗೆ ಬೇಕಾಗಿದ್ದು ಇಮಾನ ತಾನೆ? ಐತಲ್ಲ ಅಲ್ಲಿ!" ಎಂದು ಪಾಲಯ್ಯ ನಮ್ಮ ಹೋಟೆಲಿನ ಟೇಬಲ್ ಗುದ್ದಿದರು. "ಮೊದ್ಲು ಒಳಗೆ ಸೇರ್ಕ. ಆಮ್ಯಾಕೆ ನಿಧಾನಕ್ಕೆ ಮ್ಯಾಲೆ ಹತ್ತು."

"ಹಂಗೆ ಹತ್ತಿದೋರು ಎಷ್ಟು ಜನ ಅವ್ರೆ ಮಾವ? ಸುತ್ತಿ ಸುತ್ತಿ ಹೋಗಾದ್ರಾಗೆ ವಯಸ್ಸು ಮುಗಿದೋಗ್ತೈತೆ."

ದಾರಿಗಳ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಿದ್ದವರು ಚಿತ್ರದುರ್ಗದ ಕಾಲೇಜಿನಲ್ಲಿ ಎನ್‌ಸಿಸಿ ನೋಡಿಕೊಳ್ಳುತ್ತಿದ್ದ ಹನುಮಂತಯ್ಯ ಮೇಷ್ಟ್ರು. ಪಿಯುಸಿ ಮುಗಿಸಿ ಖಡಕ್ವಾಸ್ಲಾದ ಸೇನಾ ಅಕಾಡೆಮಿಗೆ ಸೇರುವುದು ಒಂದು ದಾರಿ. ತಡವಾಗಿ ಶಾಲೆ ಸೇರಿದ ಇವನಿಗೆ ಅದರ ವಯಸ್ಸು ಮೀರಿತ್ತು. ಏರ್‌ಮನ್ ಆಗಿ ಒಳಗಿನಿಂದ ಮೇಲೇರುವುದು ಇನ್ನೊಂದು. ಡಿಗ್ರಿ ಮುಗಿಸಿ ನೇರವಾಗಿ ಮೈಸೂರಿನ ಆಯ್ಕೆ ಮಂಡಳಿಯ ಮುಂದೆ ನಿಲ್ಲುವುದು ಕೊನೆಯದು. ಆದರೆ ಯಾವ ದಾರಿಯಿಂದ ಬಂದರೂ ಪೈಲಟ್ ಆಗುವವನಿಗೆ ಯಂತ್ರದ ಮೇಲೆ ಕೂರಿಸಿ ಒಂದು ಪರೀಕ್ಷೆ ಮಾಡುತ್ತಾರೆ. ಅದು ಜೀವಮಾನಕ್ಕೆ ಒಂದೇ ಸಲ. ಅಲ್ಲಿ ಸೋತವನು ಮತ್ತೆಂದೂ ಪೈಲಟ್ ಆಗುವಂತಿಲ್ಲ.

"ಎಲ್ಲಾ ದಾರಿನೂ ಅಲ್ಲಿಗೇ ಹೋಗ್ತಾವೆ ಅಂದ್ಮ್ಯಾಲೆ ನೇರ ದಾರಿನೇ ಸಾಕು," ಎಂದ ಚಿತ್ರಲಿಂಗಪ್ಪ.

ಸೋತರೆ ಕೈಯಲ್ಲಿ ಇದೂ ಇಲ್ಲ, ಅದೂ ಇಲ್ಲ. ಇದನ್ನು ಹೇಳದವರು ಊರಲ್ಲಿ ಯಾರೂ ಉಳಿಯಲಿಲ್ಲ. ಸಂತೆಗೆ ಬೆಣ್ಣೆ ತರುತ್ತಿದ್ದ ಅವನ ತಾಯಿ ಜುಂಜಮ್ಮನನ್ನೂ ಹಿಡಿದು, ಮಗನಿಗೆ ಬುದ್ಧಿ ಹೇಳು ಎಂದರು. "ಹೇಳಾಕೆ ನಾನೇನು ಇಮಾನ ಬಿಟ್ಟಿದೀನಾ? ನೀವು ಬಿಟ್ಟಿದ್ರೆ ಹೇಳ್ರಿ," ಎಂದು ಆಕೆ ಬುಟ್ಟಿ ಎತ್ತಿಕೊಂಡು ನಡೆದರು. ಆ ಮಾತಿಗೆ ನಾನು ಗಲ್ಲಾದಲ್ಲಿ ಕೂತೇ ಚಪ್ಪಾಳೆ ತಟ್ಟಿದ್ದೆ.

ಪಾಲಯ್ಯ ಅಳಿಯನ ಜೊತೆ ಮಾತು ಬಿಟ್ಟರು. ಬಸ್ ಸ್ಟ್ಯಾಂಡಿನ ಪುಂಡರು ಅವನನ್ನು "ಪೈಲೆಟ್ಟು" ಎಂದು ಕೂಗತೊಡಗಿದರು. ಅವನು ತಲೆ ತಗ್ಗಿಸಿಕೊಂಡು ಹೋಗುತ್ತಾನೆಂದು ಅವರ ಎಣಿಕೆ. ಅವನೋ ಪ್ರತಿ ಸಲವೂ ನಿಂತು, ಹಿಂತಿರುಗಿ, "ಏನಪ್ಪ?" ಎನ್ನುತ್ತಿದ್ದ. ಕೂಗಿದವನೇ ತಲೆ ತಗ್ಗಿಸಿಕೊಂಡು ಜಾಗ ಖಾಲಿ ಮಾಡುತ್ತಿದ್ದ.

ಚಿತ್ರದುರ್ಗದ ಕಾಲೇಜಿನಲ್ಲಿ ಅವನ ಬಿಎಸ್ಸಿ ಮುಗಿಯಿತು. ಎಪ್ಪತ್ತೇಳರಲ್ಲಿ ಮೈಸೂರಿನಿಂದ ಕರೆ ಬಂತು. ಅವನಿಗೆ ಬೂಟು ಇರಲಿಲ್ಲ, ನನ್ನದನ್ನು ಕೊಟ್ಟೆ. ಅಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ.

ಸಂದರ್ಶನದಲ್ಲಿ ಮೊದಲು ಕೇಳಿದ್ದೇ ಆ ಬಿಟ್ಟ ನೌಕರಿಯ ಬಗ್ಗೆ. "ಸೇನೆ ಒಮ್ಮೆ ಕರೆದಾಗ ಬರಲಿಲ್ಲ. ಏರ್‌ಮನ್ ಕೆಲಸ ನಿನಗೆ ಕೀಳಾಗಿ ಕಂಡಿತೇ?" ಎಂದರು ಅಧಿಕಾರಿ. ಇವನ ಇಂಗ್ಲಿಷು ಮುರುಕು, ಧೈರ್ಯ ಮಾತ್ರ ಇಡಿಯದು. "ಕೆಲಸ ಕೀಳಲ್ಲ ಸಾರ್. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಣ್ಣನ್ನು ಪೈಲಟ್ಟಿನ ಸೀಟಿನ ಮೇಲೆ ಇಟ್ಟವನು ಸರಿ ಮಾಡಿದ ವಿಮಾನವನ್ನು ನೀವು ಹತ್ತುತ್ತೀರಾ?" ಎಂದನಂತೆ. ಅಧಿಕಾರಿ ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಆಮೇಲೆ ಬಂತು ಯಂತ್ರದ ಪರೀಕ್ಷೆ. ಗೊಲ್ಲರಹಟ್ಟಿಯ ಮುಳ್ಳುಬೇಲಿಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ದೇವರಿರುವ ಜಾಗ, ಎಷ್ಟು ದೊಡ್ಡ ಮನುಷ್ಯನಾದರೂ ಹೊರಗೇ ಬಿಡಬೇಕು. ಇವನು ಇಷ್ಟು ವರ್ಷ ಕಾದಿದ್ದ ಕೋಣೆಯ ಬಾಗಿಲಿಗೆ ಬಂದವನೇ, ಯೋಚನೆಯೇ ಮಾಡದೆ, ಬೂಟು ಬಿಚ್ಚಿ ಹೊಸ್ತಿಲಾಚೆ ಇಟ್ಟು ಬರಿಗಾಲಲ್ಲಿ ಒಳಗೆ ಹೋದ. ಒಳಗಿದ್ದವರು ಗೊಳ್ಳೆಂದು ನಕ್ಕರು. ಪೆಡಲ್‌ಗಳನ್ನು ಬೂಟಿನ ಕಾಲಿಗಾಗಿ ಮಾಡಿದ್ದಾರೆ, ಹಾಕಿಕೊಂಡು ಬಾ ಎಂದರು ಪರೀಕ್ಷೆಯ ಅಧಿಕಾರಿ.

ನಾನಾಗಿದ್ದರೆ ಓಡಿಹೋಗಿ ಹಾಕಿಕೊಳ್ಳುತ್ತಿದ್ದೆ. ಆ ನಗು ಕೇಳಿದ ಮೇಲೆ ಇವನು ಹಾಕಿಕೊಳ್ಳಲಿಲ್ಲ. "ಆ ಬೂಟು ಸ್ನೇಹಿತನದು ಸಾರ್. ಜೀವಮಾನಕ್ಕೆ ಒಂದೇ ಸಲ ಅನ್ನುತ್ತೀರಿ. ಒಂದೇ ಸಲವಾದರೆ ನನ್ನ ಕಾಲಲ್ಲೇ ಮಾಡುತ್ತೇನೆ." ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಕೂತುಕೋ ಎಂದರು.

ಕೈಯಲ್ಲೊಂದು ಕೋಲು, ಕಾಲಿಗೆ ಎರಡು ಪೆಡಲ್, ಎದುರಿಗೆ ಓಡಾಡುವ ಬೆಳಕಿನ ಚುಕ್ಕೆ. ಅದು ಚೌಕ ದಾಟದಂತೆ ಹಿಡಿದಿಡಬೇಕು. ಅವನ ಚುಕ್ಕೆ ದಾಟಿತು. ಮತ್ತೆ ಮತ್ತೆ ದಾಟಿತು. ಸೋತ.

ಬೂಟು ಹಾಕಿದ್ದರೆ ಗೆಲ್ಲುತ್ತಿದ್ದ ಎನ್ನುವವರು ಈಗಲೂ ಇದ್ದಾರೆ. ಆ ಬೂಟು ನನ್ನದು ಸ್ವಾಮಿ, ಅದನ್ನು ಹಾಕಿಕೊಂಡು ನಾನು ಎಲ್ಲಿಗೂ ಹಾರಲಿಲ್ಲ. ಅವನು ಹೇಳಿದ್ದು ಇಷ್ಟೇ: "ಕಾಲು ಸರಿಯಾಗೇ ಇದ್ವು ಕಣೋ. ಕೈ ಆತುರ ಮಾಡ್ತು."

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ಪರೀಕ್ಷೆಗಳಲ್ಲೆಲ್ಲ ಅವನು ಚೆನ್ನಾಗಿ ಮಾಡಿದ್ದ. ಹಾರುವ ಕೆಲಸ ಇಲ್ಲ, ನೆಲದ ಮೇಲಿನ ಅಧಿಕಾರಿಯ ಹುದ್ದೆಗೆ ಹೆಸರು ಬರೆಯೋಣವೇ ಎಂದು ಮಂಡಳಿಯವರು ಕೇಳಿದರು. ಬೇಡ ಎಂದ. ಕಾರಣ ಕೇಳಿದಾಗ, ಸಂದರ್ಶನದಲ್ಲೇ ಹೇಳಿದ್ದೇನಲ್ಲ ಸಾರ್ ಎಂದನಂತೆ.

ಅವನು ವಾಪಸ್ ಬರುವ ದಿನ ನಮ್ಮ ಹೋಟೆಲು ತುಂಬಿತ್ತು. ಪಾಲಯ್ಯನೂ ಬಂದು ಮೂಲೆಯಲ್ಲಿ ಕೂತಿದ್ದರು. ಬಸ್ಸಿನಿಂದಿಳಿದು ಒಳಗೆ ಬಂದವನನ್ನು ಅವರೇ ಕೇಳಿದರು, ಮಾತು ಬಿಟ್ಟ ಮೇಲೆ ಅದೇ ಮೊದಲ ಮಾತು: "ಏನಾತು?"

"ಸೋತೆ ಮಾವ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಿತ್ರಲಿಂಗಪ್ಪ ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಮುಚ್ಚಿಡುವ ಜಾಯಮಾನ ಅವನದಲ್ಲ. ಅವರು ಅಧಿಕಾರಿಯ ಹುದ್ದೆ ಕೊಡಲು ಬಂದದ್ದನ್ನೂ, ತಾನು ಒಲ್ಲೆ ಎಂದದ್ದನ್ನೂ ಎಲ್ಲರಿಗೂ ಕೇಳುವಂತೆ ಹೇಳಿದ.

ಪಾಲಯ್ಯ ಎದ್ದು ನಿಂತರು. "ಆಫೀಸರ್ ಕಣಲೇ! ಸೆಲ್ಯೂಟ್ ಹೊಡಿಸ್ಕಳ್ಳಾ ಕೆಲ್ಸ! ಒದ್ದು ಬಂದ್ಯಾ?"

"ನಾನು ಕೇಳಾಕೋಗಿದ್ದು ಅದಲ್ಲ ಮಾವ. ನಾನು ಕೇಳಿದ ಕೆಲ್ಸಕ್ಕೆ ನೀನು ಬ್ಯಾಡ ಅಂದ್ರು, ಸರಿ ಅಂದೆ. ಅವರು ಕೊಟ್ಟ ಕೆಲ್ಸ ನಾನು ಬ್ಯಾಡ ಅಂದೆ, ಅವರೂ ಸರಿ ಅಂದ್ರು."

"ಕೇಳಿದ್ದೇ ಸಿಗ್ಬೇಕು ಅಂದಿದ್ರೆ ನಾನು ಇಷ್ಟು ವರ್ಷ ತೂಬು ಎತ್ಕಂಡು ಇರ್ತಿದ್ನೇನ್ಲಾ!"

ಚಿತ್ರಲಿಂಗಪ್ಪ ಮೆಲ್ಲಗೆ ಕೇಳಿದ, "ನೀನೇನು ಕೇಳಿದ್ದೆ ಮಾವ?"

ಪಾಲಯ್ಯ ಅಳಿಯನ ಮುಖ ನೋಡಿದರು. "ಕೇಳ್ಲೇ ಇಲ್ಲ ಕಣಪ್ಪ," ಎಂದರು. "ಕೊಟ್ಟಿದ್ದು ತಗಂಡೆ."

ಅವರು ಕೂತುಬಿಡುತ್ತಾರೆ ಎಂದುಕೊಂಡೆ. ಕೂರಲಿಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಹಿಂದಿನ ಬೆಂಚಿನ ಕಡೆಗೆ ತಿರುಗಿ, ತೂಬಿನ ಮೇಲೆ ನಿಂತು ಕೆಳಗಿನ ರೈತರನ್ನು ಕೂಗುವ ದನಿಯಲ್ಲಿ ಕೂಗಿದರು:

"ಆಗ ನಕ್ಕೋನು ಯಾವನ್ಲೇ ಅವನು? ಎದ್ದು ನಿಂತ್ಕಳ್ಲೇ!"