ಬಿಸಿಲಿಗಿಟ್ಟ ಎರಡು ಸೆಲ್ಲು

ಆಧುನಿಕ ನಾಗರಿಕತೆ ನಿಂತಿರುವುದೇ ವಿದ್ಯುತ್ತಿನ ಮೇಲೆ ಎಂದು ತಿಳಿದವರು ಹೇಳುತ್ತಾರೆ. ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನಲ್ಲಿ ಅದು ವಿಜ್ಞಾನದ ಮೇಷ್ಟ್ರ ಅಂಗಿಯ ಜೇಬಿನಲ್ಲಿತ್ತು. ಎರಡು ಟಾರ್ಚ್ ಸೆಲ್ಲುಗಳ ಭಾರಕ್ಕೆ ಜೇಬು ಜೋತು, ಅಂಗಿ ಎಡಕ್ಕೆ ವಾಲಿ, ಮೇಷ್ಟ್ರು ಸದಾ ಯಾರದೋ ಗುಟ್ಟು ಕೇಳಲು ಬಾಗಿದವರಂತೆ ಕಾಣುತ್ತಿದ್ದರು. ಪಾಠಕ್ಕೆ ಮುಂಚೆ ಅವನ್ನು ಕಿಟಕಿ ಕಟ್ಟೆಯ ಮೇಲೆ ಬಿಸಿಲಿಗಿಡುವುದು ಅವರ ನಿತ್ಯಕರ್ಮ.

“ವಯಸ್ಸಾಗಿದೆ ಪಂಡಿತರೇ, ಪಾಪ. ಸ್ವಲ್ಪ ಬಿಸಿಲು ಕಾಯಿಸಿದ್ರೆ ಏಳ್ತವೆ.”

ನಾನು ಅಲ್ಲಿ ಕನ್ನಡ ಪಂಡಿತ. ಸ್ವಿಚ್ ಒತ್ತಿದರೆ ದೀಪ ಹತ್ತಬಹುದು, ಹತ್ತದೆಯೂ ಇರಬಹುದು ಎಂಬಲ್ಲಿಗೆ ನನ್ನ ವಿದ್ಯುತ್ ಜ್ಞಾನ ಮುಗಿಯುತ್ತಿತ್ತು.

ಶಾಲೆಯ ಹಿಂದಿನ ಬೀದಿಯೆಲ್ಲ ಪವರ್‌ಲೂಮ್ ಮನೆಗಳು. ತೊಂಬತ್ತರ ದಶಕದ ಆ ದಿನಗಳಲ್ಲಿ ಕರೆಂಟಿಗೆ ಹೊತ್ತುಗೊತ್ತು ಇರಲಿಲ್ಲ. ಬಂದ ಕೂಡಲೇ ಮಗ್ಗಗಳು ಖಡಖಡ ಎನ್ನುತ್ತಿದ್ದವು. ಅರ್ಧ ತರಗತಿ ಚೀಲ ಹೆಗಲಿಗೇರಿಸಿ ಮನೆಗೆ ಓಡುತ್ತಿತ್ತು. ಹೀಗಾಗಿ ವಿದ್ಯುತ್ ಪ್ರವಾಹದ ಪಾಠ ವಿದ್ಯುತ್ ಇಲ್ಲದಾಗ ಮಾತ್ರ ನಡೆಯುತ್ತಿತ್ತು. “ಹೋಗ್ರಪ್ಪಾ, ಪಾಠ ನಿಮ್ಮ ಮನೆಗೇ ಬಂತು” ಎಂದು ಮೇಷ್ಟ್ರು ಸೆಲ್ಲು ಜೇಬಿಗಿಳಿಸುತ್ತಿದ್ದರು.

ಒಮ್ಮೆ ಎರಡು ಪುಟ್ಟ ಬಲ್ಬುಗಳನ್ನು ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಸೇರಿಸಿ, ಒಂದನ್ನು ಕಿತ್ತು ತೋರಿಸಿದರಂತೆ. ಎರಡೂ ಆರಿದವು, ಅದು ಸರಣಿ ಜೋಡಣೆ. ಪ್ರತಿ ಬಲ್ಬಿಗೂ ಬೇರೆ ದಾರಿ ಕೊಟ್ಟಾಗ ಒಂದು ಹೋದರೂ ಇನ್ನೊಂದು ಉರಿಯಿತು, ಅದು ಸಮಾಂತರ. ನೇಯುವವರ ಹುಡುಗಿಯೊಬ್ಬಳು ಎದ್ದು, “ಹಂಗಾದ್ರೆ ನಮ್ಮನೆ ಎರಡು ಮಗ್ಗಾನೂ ಸಮಾಂತರ ಅಲ್ವಾ ಸಾರ್? ಒಂದು ನಿಂತ್ರೂ ಇನ್ನೊಂದು ಓಡ್ತದೆ” ಎಂದಳಂತೆ.

ಮೇಷ್ಟ್ರು ಸ್ಟಾಫ್ ರೂಮಿಗೆ ಓಡಿಬಂದರು. “ಅರ್ಥ ಆಗಿದೆ ಕಣ್ರೀ! ನನ್ನ ಸರ್ವೀಸಿನಲ್ಲಿ ಒಬ್ಬಳಿಗೆ ಅರ್ಥ ಆಗಿದೆ! ಇವಳನ್ನ ಪಿಯುಸಿ ಸೈನ್ಸ್ ಓದಿಸದೆ ಬಿಡಲ್ಲ.” ಅಂದಿನಿಂದ ಅವರಿಗೆ ಬೇರೆ ಆಸೆ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ಹುಡುಗಿಯ ತಾಯಿ ಬಿದ್ದು ಕೈ ಮುರಿದುಕೊಂಡರು. ಒಂದು ಮಗ್ಗಕ್ಕೆ ಅಪ್ಪ, ಇನ್ನೊಂದಕ್ಕೆ ಮಗಳು. ಬೆಳಗಿನ ಹೊತ್ತು ಕರೆಂಟ್ ಇಲ್ಲದ ಪುಣ್ಯದಿಂದ ಉಳಿದ ಪತ್ರಿಕೆಗಳನ್ನೆಲ್ಲ ಬರೆದಳು. ವಿಜ್ಞಾನವೊಂದು ಬಾಕಿ. ಅದರ ಹಿಂದಿನ ಸಂಜೆ ಮೇಷ್ಟ್ರು ನನ್ನನ್ನೂ ಎಳೆದುಕೊಂಡು ಹುಡುಗಿಯ ಮನೆಗೆ ಹೋದರು.

“ನಾಳೆ ಸಂಜೆಗೆ ಸೀರೆ ಕೊಡ್ಬೇಕು ಸಾರ್, ಮದುವೆ ಸೀರೆ” ಎಂದ ಅಪ್ಪ. “ಕರೆಂಟ್ ಇಲ್ದಿದ್ರೆ ಬಂದು ಬರೀತಾಳೆ, ನಂದೇನೈತೆ.”

“ಒಂದು ಮಗ್ಗ ನಿಂತ್ರೆ ಇನ್ನೊಂದು ಓಡುತ್ತಲ್ಲಪ್ಪಾ?”

“ಓಡ್ತದೆ ಸಾರ್. ಎರಡರ ಮೇಲೂ ಒಂದೊಂದು ಸೀರೆ ಐತೆ.”

ಮೇಷ್ಟ್ರು ಎದೆಯುಬ್ಬಿಸಿದರು. “ನಾಳೆ ಮಧ್ಯಾಹ್ನದವರೆಗೂ ಕರೆಂಟ್ ಬರಲ್ಲ. ಲೈನ್ ರಿಪೇರಿ. ಕರೆಂಟ್ ಆಫೀಸಿನಲ್ಲಿ ವಿಚಾರಿಸಿಕೊಂಡೇ ಬಂದಿದ್ದೀನಿ. ಇದು ನನ್ನ ಮಾತು.” ಹುಡುಗಿ ಮಗ್ಗದ ಹಿಂದಿನಿಂದ ನಕ್ಕಳು. ಕರೆಂಟ್ ಬರುವುದಿಲ್ಲವೆಂದು ಅಷ್ಟು ಸಂತೋಷಪಟ್ಟ ವಿಜ್ಞಾನದ ಮೇಷ್ಟ್ರನ್ನು ನಾನು ಬೇರೆ ಕಂಡಿಲ್ಲ.

ಬೆಳಿಗ್ಗೆ ಇಬ್ಬರೂ ಗೇಟಿನಲ್ಲಿ ನಿಂತೆವು. ಹುಡುಗಿ ಹಾಲ್ ಟಿಕೆಟ್ ಹಿಡಿದು ಬೀದಿಯ ತಿರುವಿಗೆ ಬಂದಳು. ಆಗ ಎಲ್ಲೋ ಒಂದು ಮಗ್ಗ ಖಡ್ ಎಂದಿತು. ಪಕ್ಕದ್ದು ದನಿಗೂಡಿಸಿತು, ಗಳಿಗೆಯಲ್ಲಿ ಬೀದಿಯೆಲ್ಲ ಮೊಳಗಿತು. ಹುಡುಗಿ ನಿಂತಳು. ಯಾರೂ ಅವಳನ್ನು ಕರೆಯಲಿಲ್ಲ. ಒಮ್ಮೆ ನಮ್ಮತ್ತ ನೋಡಿ, ತಾನೇ ಹಿಂತಿರುಗಿದಳು.

“ಬಾರಮ್ಮಾ! ಮಗಾ, ಬಾರೇ!” ಎಂದು ಮೇಷ್ಟ್ರು ಕೂಗಿದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ಪರೀಕ್ಷೆಯ ಬೆಲ್ ಹೊಡೆದ ಮೇಲೆ ಮೇಷ್ಟ್ರು ಹೇಳಿದರು: “ಮಗ್ಗಗಳು ಸಮಾಂತರ ಪಂಡಿತರೇ. ಮನೆಯವರು ಸರಣಿ. ಒಬ್ಬರು ಎದ್ದುಹೋದ್ರೆ ಎಲ್ಲಾ ಆರ್ತಾರೆ. ಪಾಠದಲ್ಲಿ ಅದನ್ನ ಹೇಳೋಕೆ ಮರೆತಿದ್ದೆ.”

ನಿವೃತ್ತಿಯ ನಂತರ ಅವರು ಹೆಚ್ಚು ಕಾಲ ಇರಲಿಲ್ಲ. ಕೊನೆಯವರೆಗೂ ಆ ಪಾಠ ಮಾಡಿದರು, ಸೆಲ್ಲುಗಳನ್ನು ಬಿಸಿಲಿಗಿಟ್ಟರು. ಕರೆಂಟ್ ಯಾವಾಗ ಬರುತ್ತದೆಂದು ಮಾತ್ರ ಮತ್ತೆ ಯಾರಿಗೂ ಮಾತು ಕೊಡಲಿಲ್ಲ.

ಆ ಹುಡುಗಿಗೆ ಸೆಪ್ಟೆಂಬರಿನಲ್ಲಿ ಇನ್ನೊಂದು ಅವಕಾಶವಿತ್ತು. ಅಂದೂ ಕರೆಂಟ್ ಇತ್ತು.