ಮಳವಳ್ಳಿಯ ಇಪ್ಪತ್ತು, ಮಂಡ್ಯದ ಇಪ್ಪತ್ತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಳವಳ್ಳಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿರುವ ಜಿಮ್ಮಿನಲ್ಲಿ ಹಮೀದ್ ಅಂಗಾತ ಮಲಗಿ ಯಂತ್ರವೊಂದರ ಅಡಿಗೆ ತಲೆ ತೂರಿಸಿದ್ದಾರೆ. ಮೇಲೆ ತೂಗುವ ಹ್ಯಾಂಡಲ್ಲನ್ನು ಎದೆಯವರೆಗೆ ಎಳೆಯುವ ಯಂತ್ರ ಅದು. ಎಳೆದಂತೆಲ್ಲ ಹಿಂದೆ ಪೇರಿಸಿದ ಕಬ್ಬಿಣದ ಪ್ಲೇಟುಗಳು ಕೇಬಲ್ಲಿನ ಜೊತೆ ಮೇಲೇಳುತ್ತವೆ. ಎಷ್ಟು ಕಿಲೋ ಏಳಬೇಕೋ ಅಷ್ಟರ ಪ್ಲೇಟಿಗೆ ಒಂದು ಪಿನ್ನು ತೂರಿಸಿದರಾಯಿತು.

"ಪರಕೆ ನಿಲ್ಸ್ಲಾ ಅಸೋಕ, ಬೇರಿಂಗ್ ಸದ್ದು ಕೇಳ್ಬೇಕು," ಎಂದು ಮಲಗಿದಲ್ಲಿಂದಲೇ ಗದರುತ್ತಾರೆ. ಜಿಮ್ಮಿನ ಮಾಲೀಕ ಅಶೋಕ್ ಕಸ ಗುಡಿಸುವುದನ್ನು ನಿಲ್ಲಿಸಿ ಗೋಡೆಗೆ ಒರಗುತ್ತಾರೆ.

ಇಷ್ಟು ಹೊತ್ತಿಗೇ ಓಡಿ ಬರಲು ಕಾರಣ ರಂಜಿತ. ಪಕ್ಕದ ಹಳ್ಳಿಯ ರೈತರ ಮಗಳು. ಕಾಲೇಜಿನ ಕಬಡ್ಡಿ ತಂಡದಲ್ಲಿ ಎದುರಾಳಿಯ ಕಾಲು ಹಿಡಿದರೆ ಬಿಡದ ಗಟ್ಟಿಗಿತ್ತಿ. ಕಳೆದ ವರ್ಷ ಅವಳ ಬಲಭುಜದ ಕೀಲು ಜಾರಿತು. ನೋವಿಲ್ಲದೆ ಇಪ್ಪತ್ತು ಕಿಲೋ ಎಳೆಯುವವರೆಗೆ ಆಟಕ್ಕೆ ಇಳಿಯಬೇಡ ಎಂದು ಫಿಸಿಯೋ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಇದೇ ಯಂತ್ರದಲ್ಲಿ ತಿಂಗಳುಗಟ್ಟಲೆ ಎಳೆದು ಅವಳು ಇಪ್ಪತ್ತು ಮುಟ್ಟಿದ್ದಾಳೆ. ಬರುವ ಭಾನುವಾರ ಮಂಡ್ಯದಲ್ಲಿ ಜಿಲ್ಲಾ ತಂಡದ ಆಯ್ಕೆ. ಆದರೆ ನಿನ್ನೆ ಗೆಳತಿಯ ಜೊತೆ ಮಂಡ್ಯದ ಜಿಮ್ಮಿಗೆ ಹೋಗಿ, ಅಲ್ಲಿ ಅದೇ ಇಪ್ಪತ್ತಕ್ಕೆ ಪಿನ್ನು ಹಾಕಿ ಎಳೆದಾಗ ಭಾರ ಅರ್ಧಕ್ಕೇ ನಿಂತಿದೆ, ಭುಜ ಚುಳ್ಳೆಂದಿದೆ. ಕೀಲು ಮತ್ತೆ ಹೋಯಿತು, ಇನ್ನು ಕಬಡ್ಡಿ ಬೇಡವೇ ಬೇಡ ಎಂದು ಅವಳು ಅಶೋಕ್ ಎದುರು ಅತ್ತಿದ್ದಾಳೆ.

"ಕೈ ಕೆಟ್ಟೈತೋ ಮಿಷಿನ್ ಕೆಟ್ಟೈತೋ ಗೊತ್ತಾಗ್ದೆ ಕಾಪಿನೂ ಕುಡೀದೆ ಓಡ್ಬಂದೆ ಕಣ್ಲಾ," ಎನ್ನುತ್ತಾರೆ ಹಮೀದ್. "ಯಾಕಂದ್ರೆ ಈ ಮಿಷಿನ್ ಮುಟ್ಟಿರೋನು ನಾನೊಬ್ನೇಯ."

ಐವತ್ತು ದಾಟಿದ ಹಮೀದರದು ಮೂಲದಲ್ಲಿ ಬಾವಿಯ ಮೋಟಾರು ಎತ್ತುವ, ಆಲೆಮನೆಯ ಗಾಣ ರಿಪೇರಿ ಮಾಡುವ ಕಸುಬು. ಎಡಗೈ ತೋರುಬೆರಳಿನ ತುದಿಯನ್ನು ಗಾಣವೇ ತಿಂದಿದೆ. ತೆರೆದ ಬಾವಿಗಳು ಬತ್ತಿ ಬೋರ್‌ವೆಲ್ ಬಂದಮೇಲೆ ಕೆಲಸ ತೆಳ್ಳಗಾಯಿತು. ಅಷ್ಟರಲ್ಲಿ ಊರೂರಿಗೂ ಜಿಮ್ಮು ಬಂತು. ಕಂಪನಿಯ ಮೆಕ್ಯಾನಿಕ್ಕು ಬರುವವರೆಗೆ ಕಾಯಲಾರದ ಮಾಲೀಕರು ಇವರನ್ನು ಕರೆಯತೊಡಗಿದರು. ಈಗ ಮಳವಳ್ಳಿ, ಮದ್ದೂರು, ಮಂಡ್ಯ ಸೇರಿ ಹತ್ತು ಹನ್ನೆರಡು ಜಿಮ್ಮುಗಳ ಕೇಬಲ್ಲು, ರಾಟೆ, ಬೇರಿಂಗು ಎಲ್ಲಕ್ಕೂ ಇವರೇ ದಿಕ್ಕು. ಮೊದಲ ಬಸ್ಸಿಗೆ ಹತ್ತಿ, ಕಸರತ್ತಿನವರು ಬರುವ ಮೊದಲೇ ಕೆಲಸ ಮುಗಿಸಿ ಇಳಿದುಬಿಡುತ್ತಾರೆ. ಹಾಗಾಗಿ ಅವರ ಮುಖ ಕಂಡವರು ಕಮ್ಮಿ.

"ನಮ್ಮನೆ ಬಾಗ್ಲು ಕಿರ್ರೋ ಅಂತೈತೆ, ಅದ್ಕೆ ಒಂದು ತೊಟ್ಟು ಎಣ್ಣೆ ಇಲ್ಲ. ಊರ ಪೈಲ್ವಾನ್ರ ರಾಟೆಗೆಲ್ಲ ಡಬ್ಬಿಗಟ್ಲೆ ಗ್ರೀಸು," ಎಂಬುದು ಹೆಂಡತಿ ಫಕ್ರುನ್ನೀಸಾ ಅವರ ದೂರು. ಊಟಕ್ಕೆ ಕೂತಾಗಲೂ ಯಾವ ಊರಿನ ಯಾವ ಕೇಬಲ್ಲು ಸವೆದಿದೆಯೋ ಎಂಬ ಯೋಚನೆಯಂತೆ ಇವರಿಗೆ.

ಒಂದೇ ತೂಕ ಒಂದೊಂದು ಜಿಮ್ಮಿನಲ್ಲಿ ಒಂದೊಂದು ಥರ ಅನಿಸುವುದು ಹಮೀದರಿಗೆ ಹೊಸದಲ್ಲ. ಬೇರಿಂಗ್ ಒಣಗಿದರೆ ಭಾರ ಜಾಸ್ತಿ. ಪ್ಲೇಟು ಜಾರುವ ಸರಳು ಕೊಂಚ ಬಾಗಿದರೂ ಜಾಸ್ತಿ. ಎರಕ ಹೊಯ್ದವರ ಕೈಗುಣದಿಂದ ಪ್ಲೇಟಿನ ತೂಕವೇ ಹೆಚ್ಚುಕಮ್ಮಿ. ಆದರೆ ಇವೆಲ್ಲ ಒಂದೆರಡು ಕಿಲೋದ ಮಾತು. ರಂಜಿತ ಹೇಳುತ್ತಿರುವುದು ಅಷ್ಟಕ್ಕೆ ನಿಲ್ಲುವುದಿಲ್ಲ.

ಅವಳು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಹಮೀದ್ ಗುಜರಿಯವರ ಕೊಕ್ಕೆ ತಕ್ಕಡಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ, ಇಪ್ಪತ್ತಕ್ಕೆ ಪಿನ್ನು ಹಾಕಿ, ತಕ್ಕಡಿಯ ಬಳೆ ಹಿಡಿದು ಕೆಳಕ್ಕೆ ಎಳೆಯುತ್ತಿದ್ದಾರೆ. ಮುಳ್ಳು ಹತ್ತರ ಹತ್ತಿರ ನಿಲ್ಲುತ್ತದೆ. ಮತ್ತೆ ಎಳೆಯುತ್ತಾರೆ. ಮತ್ತೆ ಅಲ್ಲಿಗೇ. ಹ್ಯಾಂಡಲ್ಲು ಕೆಳಗೆ ಬಂದಷ್ಟು ದೂರ ಪ್ಲೇಟು ಏಳುತ್ತಿಲ್ಲ; ಅದರ ಅರ್ಧ ಮಾತ್ರ ಏಳುತ್ತಿದೆ. ಹಮೀದ್ ಪ್ಲೇಟುಗಳ ನೆತ್ತಿಯ ಮೇಲಿನ ರಾಟೆಯನ್ನು ನೋಡಿ, ಹಣೆಯನ್ನು ಮುಂಗೈಯಿಂದ ಒರೆಸಿಕೊಳ್ಳುತ್ತಾರೆ.

"ಇದು ನನ್ ಕೆಲ್ಸಾನೇ ಕಣವ್ವ."

ಹಿಂದೊಮ್ಮೆ ಪ್ಲೇಟುಗಳ ನೆತ್ತಿಯಲ್ಲಿ ಕೇಬಲ್ಲಿನ ಕೊಕ್ಕೆ ಮುರಿದಿತ್ತು. ಹೊಸ ಕೊಕ್ಕೆ ಬೆಸೆಯುವ ಬದಲು ಅವರು ಆ ಜಾಗಕ್ಕೆ ಒಂದು ರಾಟೆ ಕೂರಿಸಿ, ಉದ್ದದ ಕೇಬಲ್ಲನ್ನು ಅದರಡಿ ಹಾಯಿಸಿ, ತುದಿಯನ್ನು ಮೇಲಿನ ಅಡ್ಡಪಟ್ಟಿಗೆ ಕಟ್ಟಿದ್ದರು. ಎಳೆಯುವ ಕೈಗೆ ಅರ್ಧ ಭಾರ, ಇನ್ನರ್ಧ ಅಡ್ಡಪಟ್ಟಿಗೆ.

"ಬಾವಿಯಿಂದ ಮೋಟ್ರು ಎತ್ವಾಗ ಇಬ್ರು ಎಳೆಯೋದ ಒಬ್ನೇ ಎಳೀಲಿ ಅಂತ ಒಂದು ರಾಟೆ ಜಾಸ್ತಿ ಆಕ್ತೀವಿ. ಬಾರ ಕಮ್ಮಿ ಮಾಡೋದೇ ನಮ್ ಕಸುಬು. ಇಲ್ಲೂ ಕೈ ಅಂಗೇ ಓಯ್ತು. ಇವ್ರು ಬಾರ ಎತ್ತಕ್ಕೇ ಬರೋ ಜನ ಅಂತ ತಲೆಗೆ ಬರ್ನೇ ಇಲ್ಲ."

ರಂಜಿತ ಬೆಂಚಿನ ಮೇಲೆ ಕೂರುತ್ತಾಳೆ. "ಅಂದ್ರೆ ಇಷ್ಟು ದಿನ ನಾನು ಎಳ್ದಿದ್ದು ಹತ್ತಾ ಹಮೀದಣ್ಣ?"

"ಊಂ. ಮಂಡ್ಯದಲ್ಲಿ ಇಪ್ಪತ್ತಕ್ಕೆ ಮುಂಚೆ ಏನೆಳ್ದೆ?"

"ಹದಿನೈದು. ಅದು ಸಲೀಸಾಗೇ ಬಂತು." ಹೇಳುತ್ತಲೇ ಅವಳು ಲೆಕ್ಕ ಹಾಕುತ್ತಾಳೆ. ಇಲ್ಲಿ ಹತ್ತು ಎಳೆದ ಕೈ ಅಲ್ಲಿ ಹದಿನೈದು ಎಳೆದಿದೆ. "ಹಂಗಾರೆ ಕೈ ಹಾಳಾಗಿಲ್ಲ." ಬಲಭುಜ ಒತ್ತಿಕೊಂಡು ತಾನೇ ಹೇಳುತ್ತಾಳೆ: "ಆದ್ರೆ ಇಪ್ಪತ್ತೂ ಆಗಿಲ್ಲ."

ನಿನ್ನೆ ಅವಳು ಮಂಡ್ಯಕ್ಕೆ ಹೋಗದಿದ್ದರೆ ಭಾನುವಾರ ಅದೇ ಅರೆವಾಸಿ ಭುಜದಲ್ಲಿ ಎದುರಾಳಿಯ ಕಾಲು ಹಿಡಿದೆಳೆಯುತ್ತಿದ್ದಳು. ಹಮೀದ್ ಸ್ಪ್ಯಾನರ್ ತೆಗೆದು ರಾಟೆಯ ನಟ್ಟು ಬಿಚ್ಚತೊಡಗುತ್ತಾರೆ.

ವಾತಾವರಣ ಹಗುರ ಮಾಡಲು ಅಶೋಕ್ ನೋಡುತ್ತಾರೆ. "ಅರವತ್ತು ಎಳೀತೀನಿ ಅಂತ ನಮ್ ಹೈಕ್ಳು ಮದ್ವೆ ಮನೇಲೆಲ್ಲ ಏಳ್ಕೊಂಡವ್ರೆ. ನಾಳೆಯಿಂದ ಜ್ವರ ಬಂದೋರಂಗೆ ಕೂತ್ಕತಾರೆ. ರಾಟೆ ಇರ್ಲಿ ಬುಡು ಹಮೀದಣ್ಣ."

ಹಮೀದ್ ನಗುವುದಿಲ್ಲ. "ಅವ್ರು ಇನ್ನೊಂದು ಊರಿಗೋಗಿ ಅದೇ ಅರವತ್ತಕ್ಕೆ ಪಿನ್ನಾಕುದ್ರೆ? ಭುಜ ಕಿತ್ಕಂಡು ಬಂದ್ರೆ ನೀನು ಕಟ್ಟು ಕಟ್ಟಿಯಾ?"

ರಾಟೆ ಕೆಳಗಿಳಿಯುತ್ತದೆ. ಹೊಸ ಕೊಕ್ಕೆ ಬೆಸೆದು, ಕೇಬಲ್ಲು ಮೊಟಕುಮಾಡಿ ನೇರ ಕಟ್ಟಿದಮೇಲೆ ತಕ್ಕಡಿಯ ಮುಳ್ಳು ಇಪ್ಪತ್ತರ ಬಳಿ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ರಂಜಿತ ಕೋಚ್‌ಗೆ ಮೆಸೇಜು ಮಾಡಿದ್ದಾಳೆ: ಈ ಸಲ ಆಯ್ಕೆಗೆ ಬರುವುದಿಲ್ಲ, ಮುಂದಿನ ಸಲ ಖಂಡಿತ. ಮಧ್ಯಾಹ್ನ ಡಾಕ್ಟರಮ್ಮನಿಗೆ ಭುಜ ತೋರಿಸಬೇಕು. ಅಲ್ಲಿಯವರೆಗೆ ಯಂತ್ರ ಮುಟ್ಟುವುದು ಬೇಡ ಎಂದು ಹಮೀದ್ ಪಿನ್ನನ್ನು ಕಿತ್ತು ಅಶೋಕ್ ಕೈಗೆ ಕೊಡುತ್ತಾರೆ. ಅವಳು ಕಣ್ಣೊರೆಸಿಕೊಂಡು, "ಏನ್ ಹಮೀದಣ್ಣ, ನಾನೇನು ಚಿಕ್ ಮಗೂನಾ," ಎಂದು ರೇಗುತ್ತಾಳೆ.

ಹಮೀದ್ ಚೀಲ ಹೆಗಲಿಗೇರಿಸುತ್ತಾರೆ. ಮದ್ದೂರಿನ ಒಂದು ಜಿಮ್ಮಿನಲ್ಲೂ ಇಂಥದೇ ಕೊಕ್ಕೆ ಮುರಿದಿತ್ತು. ಅಲ್ಲಿ ಏನು ಮಾಡಿದ್ದೆನೋ ನೆನಪಾಗುತ್ತಿಲ್ಲ, ಮೊದಲು ಹೋಗಿ ನೋಡಬೇಕು, ತಿಂಡಿ ಆಮೇಲೆ ಎನ್ನುತ್ತಾರೆ. ಮೆಟ್ಟಿಲ ಬಳಿ ನಿಂತು ಅಶೋಕ್ ಕಡೆ ತಿರುಗುತ್ತಾರೆ.

"ಅವ್ಳು ಇಪ್ಪತ್ತು ಎಳ್ದ ದಿನ ನನ್ಗೆ ಏಳ್ಬೇಡ ಕಣ್ಲಾ, ಭುಜ ಏನಾಯ್ತೋ ಅಂತ ಅವತ್ತೆಲ್ಲ ದಿಗ್ಲಾಯ್ತೈತೆ. ಮಾರ್ನೆ ದಿನ ನೋವಿಲ್ದೆ ಆ ಕೈನ ಮೇಲಕ್ಕೆತ್ತಿ ಅವ್ಳ ಜಡೆ ಅವ್ಳೇ ಆಕ್ಕೊಂಡು ಬಂದ್ರೆ, ಆಗ ಏಳು."